ಒಂದೇ ಗುಂಡಿಯ ರೆಕಾರ್ಡರ್

ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆ ಸುಳ್ಳಾದರೂ ವಿರೂಪಾಕ್ಷನ ಗಂಟಲು ಸುಳ್ಳಾಗದು. ಗಾದೆಗೆ ಈ ಬಾಲ ಹಚ್ಚಿದವನು ನಾನೇ, ವಿರೂಪಾಕ್ಷನೂ ನಾನೇ. ಹೆಸರು ವಿರೂಪ, ಕಸುಬು ಬಹುರೂಪ. ಇಷ್ಟು ವರ್ಷ ಮಂದಿಯ ದನಿಯಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಈಗ ಹೇಳುವುದು ಮಾತ್ರ ಖರೆ ಕಥೆ, ಅದಕ್ಕೇ ನನ್ನ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ಕೇಳಲು ಅಷ್ಟೇನೂ ಚೆನ್ನಾಗಿಲ್ಲ. ಬಳಸದೆ ಇಟ್ಟ ಬೀಗದ ಹಾಗೆ ಕಿರ್ರೆನ್ನುತ್ತದೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಇಮಾಮಸಾಬ್ ಚಾಚಾನ ಅಂಗಡಿಯಲ್ಲಿ ಟಿವಿ ರೆಕಾರ್ಡರ್ ಮಾರುತ್ತೇನೆ. ‘ಇತಿಹಾಸ ಓದಿದಾವ ರೆಕಾರ್ಡ್ ಮಾರಲಾರದ ಬಾಳೆಹಣ್ಣು ಮಾರತಾನೇನು?’ ಎಂದು ಚಾಚಾ ಗಿರಾಕಿಗಳಿಗೆ ನನ್ನ ಗುರುತು ಹೇಳುತ್ತಾನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಊರನ್ನೇ ಆಡಿ ತೋರಿಸುತ್ತೇನೆ. ಹೆಡ್‌ಮಾಸ್ತರರ ಕೆಮ್ಮು, ನರ್ಸಬಾಯಿಯ ‘ಮುಂದಿನವ್ರು ಬರ್ರಿ’, ಕುಕ್ಕರಿನ ಮೂರನೇ ಸೀಟಿ, ಗುರುಪಾದಪ್ಪ ಕಾಕಾನ ಗಿರಣಿಯ ಪಟ್ಟಿ ಜಾರಿದಾಗ ಆಗುವ ಸಪ್ಪಳ. ನನ್ನ ಮಾಸ್ಟರ್‌ಪೀಸ್ ಎಂದರೆ ಆ ಗುರುಪಾದಪ್ಪ ಕಾಕಾನ ಹೆಂಡತಿ ಬಸಲಿಂಗವ್ವ ಕಾಕು. ‘ಏನ್ರೀ…’ ಎಂದು ಶುರುವಾಗಿ, ಬಾವಿಗೆ ಬಿಟ್ಟ ಕೊಡದ ಹಾಗೆ ಕೆಳಗಿಳಿದು, ತುಂಬಿಕೊಂಡು ಮೇಲೆ ಬರುವ ದನಿ. ನಾನು ಗಿರಣಿಯ ಹಿಂದಿನ ಕಿಟಕಿಯಲ್ಲಿ ನಿಂತು ‘ಏನ್ರೀ… ಊಟಕ್ಕ ಬರ್ರಿ’ ಎಂದರೆ ಸಾಕು, ಕಾಕಾ ಗಿರಣಿ ನಿಲ್ಲಿಸಿ ಮನೆಗೆ ಹೋಗುತ್ತಿದ್ದ. ಅಲ್ಲಿ ಒಲೆ ಹತ್ತಿರುತ್ತಿರಲಿಲ್ಲ. ‘ಹನ್ನೊಂದಕ್ಕ ಯಾವ ಊಟಾರೀ? ಹೊಟ್ಟ್ಯಾಗೇನು ಗಿರಣಿ ಇಟಗೊಂಡೀರೇನು?’ ಎಂದು ಕಾಕು ಬೈಯುವುದು ಬೀದಿಗೆಲ್ಲ ಕೇಳುತ್ತಿತ್ತು. ಕಾಕಾ ಹಿಟ್ಟಿನ ಕೈ ಎತ್ತಿಕೊಂಡು ‘ಮಂಗ್ಯಾ! ಸಿಗು ನೀ ಕೈಗೆ!’ ಎಂದು ನನ್ನನ್ನು ಬೆನ್ನಟ್ಟುತ್ತಿದ್ದ. ವಾರಕ್ಕೊಮ್ಮೆ ಇದು ನಡೆಯುತ್ತಿತ್ತು. ಪ್ರತಿ ವಾರ ಅವನು ಮೋಸ ಹೋಗುತ್ತಿದ್ದ. ಮೂರೂ ಮಂದಿಗೆ ಅದು ಬೇಕಾಗಿತ್ತು.

ಕಾಕು ಆಷಾಢದಲ್ಲಿ ಹೋದಳು. ಮೂರು ದಿನದ ಜ್ವರ, ನಾಲ್ಕನೆಯ ದಿನ ಇಲ್ಲ.

ನಮ್ಮ ಊರಲ್ಲಿ ತೀರಿಕೊಂಡವರು ವರ್ಷದೊಳಗೆ ಒಂದು ಸಲ ಟಿವಿಯಲ್ಲಿ ಬರುತ್ತಾರೆ. ಅವರವರ ಮನೆಯ ಟಿವಿಯಲ್ಲಿ ಮಾತ್ರ, ಹನ್ನೊಂದು ನಿಮಿಷ. ಮೊದಲು ದನಿ ಬರುತ್ತದೆ, ಬದುಕಿದ್ದಾಗ ಕರೆಯುತ್ತಿದ್ದ ಹಾಗೆಯೇ ಕರೆಯುತ್ತಾರೆ, ಆಮೇಲೆ ಮುಖ ಮೂಡುತ್ತದೆ. ಎರಡನೇ ಸಲ ಬರುವುದಿಲ್ಲ. ಆಂಟೆನಾ ಕಾಲದಲ್ಲಿ ಇದ್ದದ್ದೇ ಒಂದು ಚಾನಲ್, ಸತ್ತವರಿಗೂ ಬೇರೆ ದಾರಿ ಇರಲಿಲ್ಲ. ವಾರ್ತೆಯ ನಡುವೆ ಬಂದು ಹೇಳುವುದನ್ನು ಹೇಳಿ ಹೋಗುತ್ತಿದ್ದರು. ಡಿಜಿಟಲ್ ಬಂದ ಮೇಲೆ ಮುನ್ನೂರು ಚಾನಲ್ ಆದವು. ಬದುಕಿದ್ದಾಗ ಮನಸ್ಸಿಟ್ಟು ನೋಡುತ್ತಿದ್ದ ಚಾನಲ್ ಯಾವುದೋ ಅದರಲ್ಲೇ ಬರುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ಆದರೆ ಯಾರು ಯಾವುದನ್ನು ಮನಸ್ಸಿಟ್ಟು ನೋಡುತ್ತಿದ್ದರು ಎಂಬುದು ಮನೆಯವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಸತ್ತವರ ದಿವಸದ ಊಟ ಮುಗಿದ ಮರುದಿನ, ಕೈಗೆ ಹತ್ತಿದ ಹೋಳಿಗೆ ತುಪ್ಪದ ವಾಸನೆ ಹೋಗುವ ಮೊದಲೇ, ಮನೆಯವರು ನಮ್ಮ ಅಂಗಡಿ ಮೆಟ್ಟಿಲು ಹತ್ತುತ್ತಾರೆ. ನಾನು ಕುರ್ಚಿ ಒರೆಸಿ, ದನಿ ಸಣ್ಣದು ಮಾಡಿ, ‘ಕೂಡ್ರಿ’ ಎನ್ನುತ್ತೇನೆ. ಆ ‘ಕೂಡ್ರಿ’ ಕೂಡ ನನ್ನದಲ್ಲ, ಆಸ್ಪತ್ರೆಯ ದೊಡ್ಡ ಡಾಕ್ಟರದು.

ಗುರುಪಾದಪ್ಪ ಕಾಕಾ ಒಬ್ಬನೇ ಬಂದ. ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಅದನ್ನು ಒರೆಸುವವಳು ಇರಲಿಲ್ಲ.

ನಾನು ಮೂರು ಯಂತ್ರ ಮುಂದಿಟ್ಟೆ. ಕಂಪನಿಯವರು ಇಟ್ಟ ಹೆಸರು ಏನೇ ಇರಲಿ, ಊರು ತನ್ನ ಹೆಸರು ಇಟ್ಟುಕೊಂಡಿದೆ. ಮೊದಲನೆಯದು ‘ರಾವಣ’. ಹತ್ತು ಚಾನಲ್ಲುಗಳನ್ನು ಒಮ್ಮೆಲೇ ಹಗಲೂ ರಾತ್ರಿ ತುಂಬಿಕೊಳ್ಳುತ್ತದೆ, ಹೊಟ್ಟೆ ತುಂಬಿದರೆ ಹಳೆಯದನ್ನು ತಾನೇ ಅಳಿಸುತ್ತದೆ. ಎರಡನೆಯದು ‘ಜೋಡೆತ್ತು’, ಎರಡು ಚಾನಲ್ಲಿನದು. ಮೂರನೆಯದು ‘ಒಂಟಿಗುಂಡಿ’. ಯಾವ ಚಾನಲ್ ಹಚ್ಚಿರುತ್ತೀರೋ ಅದೊಂದೇ, ಕೆಂಪು ಗುಂಡಿ ಒತ್ತಿದ ಮೇಲೆ ಬಂದದ್ದಷ್ಟೇ. ಒತ್ತದಿದ್ದರೆ ಅದೊಂದು ತಗಡಿನ ಡಬ್ಬಿ.

‘ಕಾಕಾ, ರಾವಣ ತಗೋ,’ ಎಂದೆ. ‘ನೀ ಗಿರಣ್ಯಾಗ ಇರು, ಸಂತ್ಯಾಗ ಇರು, ಕಾಕು ಯಾವ ಚಾನಲ್‌ನ್ಯಾಗ ಬಂದ್ರೂ ಹಿಡೀತೈತಿ. ವಾರಕ್ಕೊಮ್ಮೆ ನಾನ ಬಂದು ಹುಡುಕಿ ಕೊಡತೀನಿ.’

‘ದೇಸಾಯರ ಮನ್ಯಾಗ ಇದ ಇತ್ತಲ್ಲೋ?’

‘ಹೌದು. ಚಿತ್ರ ಹೆಂಗ ಬಂದೈತಿ ಅಂದ್ರ ಮುದುಕಿ ಮೂಗಬೊಟ್ಟಿನ ಹರಳ ಎಣಿಸಬಹುದು.’

‘ಹರಳ ಬಿಡು. ಏನಂತಾಳ ಆಕಿ ಅದರಾಗ?’

ನಾನು ರಾವಣನ ಮೇಲಿನ ಧೂಳು ಒರೆಸಿದೆ. ಊರಿಗೆಲ್ಲ ಗೊತ್ತಿತ್ತು. ದೇಸಾಯರ ತಾಯಿ ಬಂದ ದಿನ ಮನೆಯವರೆಲ್ಲ ಒಂದು ಮದುವೆಗೆ ಹೋಗಿದ್ದರು, ರಾವಣ ಇದೆಯಲ್ಲ ಎಂಬ ಧೈರ್ಯದ ಮೇಲೆ. ಮುದುಕಿ ಹಿರಿಮಗನಿಂದ ಹಿಡಿದು ಕಿರಿಮೊಮ್ಮಗಳ ತನಕ ಒಬ್ಬೊಬ್ಬರನ್ನೇ ಕರೆದಳು. ಯಾರೂ ಓಗೊಡಲಿಲ್ಲ. ಮತ್ತೆ ಮೊದಲಿನಿಂದ ಕರೆದಳು. ಹನ್ನೊಂದು ನಿಮಿಷವೂ ಬರೀ ಹೆಸರು. ಮನೆಯವರು ಅದನ್ನು ಒಂದು ಸಲ ನೋಡಿ ಯಂತ್ರದ ಮೇಲೆ ಟವೆಲ್ ಹೊದಿಸಿದರು.

‘ಕರದಾಗ ಓ ಅನ್ನಬೇಕಲ್ಲೋ ತಮ್ಮಾ,’ ಎಂದ ಕಾಕಾ. ‘ಅದಕ್ಕ ಅಲ್ಲೇನು ಬರೂದು ಅವ್ರು? ಗೋಡಿ ನೋಡಾಕ ಬರತಾರೇನು?’

ಸತ್ತವರಿಗೆ ನಮ್ಮ ಓ ಕೇಳಿಸುತ್ತದೆಯೋ ಇಲ್ಲವೋ ಎಂಬ ಬಗ್ಗೆ ಊರಲ್ಲಿ ಎರಡು ಪಕ್ಷಗಳಿವೆ. ಕಾಕಾ ಯಾವ ಪಕ್ಷ ಎಂದು ಕೇಳುವ ಅಗತ್ಯವಿರಲಿಲ್ಲ.

‘ಒಂಟಿಗುಂಡಿಗೆ ಚಾನಲ್ ಗೊತ್ತಿರಬೇಕು ಕಾಕಾ. ನಮ್ಮ ಹಳೇ ಗಣಿತ ಮಾಸ್ತರ್ ನೆನಪೈತಿಲ್ಲೋ? ಮನ್ಯಾಗ ಭಕ್ತಿ ಚಾನಲ್ ಹಚ್ಚಿ ಎಂಟ ತಿಂಗಳ ಕಾದ್ರು. ಅವ್ರು ಕುಸ್ತಿ ಚಾನಲ್‌ನ್ಯಾಗ ಬಂದು ಹೋದ್ರು. ಜೋಡೆತ್ತು ಇತ್ತಂತ ಉಳೀತು.’

‘ಮಾಸ್ತರನ ಹೇಣ್ತಿಗೆ ಮಾಸ್ತರ ಗೊತ್ತಿರಲಿಲ್ಲ. ನನಗ ಬಸಲಿಂಗಿ ಗೊತ್ತದಾಳ.’ ಅವನು ಒಂಟಿಗುಂಡಿಯನ್ನು ಎತ್ತಿ, ಬೀಸಲು ತಂದ ಜೋಳದ ಡಬ್ಬಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡ. ‘ಆ ಸಾಮಾನ ಮಾರೂ ಚಾನಲ್ ಐತಲ್ಲ, ದಿನಾ ಕೂತು ಅದಕ್ಕ ಬೈತಿದ್ದಳು. ಚಾಕು ಮಾರಾವ, ಟೊಮ್ಯಾಟೊ ಹೆಚ್ಚಿ ತೋರಸ್ತಾನಲ್ಲ, ಅವಗ. “ಏ ಹುಚ್ಚಾ, ಅಷ್ಟ ತೆಳ್ಳಗ ಹೆಚ್ಚಿದರ ಪಲ್ಯಾ ಎಲ್ಲಿ ಉಳೀತೈತಿ?” ಅಂತ. ಅದರಾಗ ಬರತಾಳ. ನೀ ಗುಂಡಿ ಎಲ್ಲೈತಿ ಅಷ್ಟ ತೋರಸು.’

ಹಾಗೆ ಯಂತ್ರ ಮನೆ ಸೇರಿತು. ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಕಾಕಾ ಟಿವಿಯ ದನಿ ಪೂರ್ತಿ ಏರಿಸಿ, ಕಿಂಡಿ ತೆರೆದಿಟ್ಟು ಹಿಟ್ಟು ಬೀಸತೊಡಗಿದ. ಮಿಕ್ಸರು, ಹಾಸಿಗೆ ಚಾದರ, ಬೊಕ್ಕತಲೆ ಎಣ್ಣೆಗಳ ಗುಣಗಾನ ಇಡೀ ಬೀದಿಗೆ ಕೇಳುತ್ತಿತ್ತು. ಹಿಟ್ಟು ಒಯ್ಯಲು ಬಂದ ಹೆಂಗಸರಿಗೆ ‘ಸುಮ್ಮನಿರ್ರಿ ಸ್ವಲ್ಪ, ಕರದಂಗಾತು’ ಎನ್ನುತ್ತಿದ್ದ. ಅವರು ಸುಮ್ಮನಿರುತ್ತಿದ್ದರು. ಚಾಕುವಿನವನು ಟೊಮ್ಯಾಟೊ ಹೆಚ್ಚುತ್ತಿದ್ದ.

ನಾನು ಕಾಕುವಿನ ದನಿ ಬಿಟ್ಟಿದ್ದೆ. ಚಾಚಾನ ಮುಂದೆ ಆಣೆ ಇಟ್ಟಿದ್ದೆ. ಆದರೆ ಗಂಟಲು ಎಂಬುದು ಕೆರೆತದ ಜಾಗ. ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಚಹಾದಂಗಡಿಯ ರಾಚಪ್ಪ ನಾಲ್ಕು ಮಂದಿಯ ಮುಂದೆ ಅಂದ: ‘ಬಸಲಿಂಗವ್ವನ ದನಿ ವಿರೂಪ್ಯಾನ ಗಂಟಲದಾಗೂ ಸತ್ತಂಗ ಕಾಣತೈತಿ.’ ಅಷ್ಟೇ. ಅದನ್ನು ತಡೆದುಕೊಳ್ಳುವಷ್ಟು ಎಂ.ಎ. ನಾನು ಮಾಡಿರಲಿಲ್ಲ. ಎದ್ದು ಹೋಗಿ ಗಿರಣಿಯ ಹಿಂದಿನ ಕಿಟಕಿಯಲ್ಲಿ ನಿಂತೆ. ‘ಏನ್ರೀ…’

ಗಿರಣಿ ನಿಂತಿತು. ಏನೋ ಬಿದ್ದ ಸಪ್ಪಳ, ಡಬ್ಬಿ ಇರಬೇಕು. ಬಾಗಿಲಿಗೆ ಹಣೆ ತಾಗಿಸಿಕೊಂಡು ಕಾಕಾ ಓಡಿದ. ‘ಓ! ಬಂದೆ! ಬಂದೆನಽ!’ ಎಂದು ಅವನು ಕೂಗಿದ್ದು ನಮಗೆಲ್ಲ ಕೇಳಿತು. ರಾಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಬೆನ್ನಟ್ಟಿ ಬರುತ್ತಾನೆ ಎಂದು ಕಾದೆವು, ಬರಲಿಲ್ಲ. ಸಂಜೆಯ ಹೊತ್ತಿಗೆ ಒಂಟಿಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಗೆ ಬಂದ. ಹಣೆಯ ಮೇಲೆ ತರಚಿದ ಗಾಯ. ‘ವಿರೂಪಾಕ್ಷಾ, ಇದನ್ನ ಸ್ವಲ್ಪ ನೋಡಪಾ,’ ಎಂದ. ನನ್ನ ಪೂರ್ತಿ ಹೆಸರು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ‘ಆಕಿ ಕರದ್ಲು. ನಾ ಹೋಗಿ ಗುಂಡಿ ಒತ್ತಿದೆ, ಹನ್ನೊಂದ ನಿಮಿಷಾನೂ ಒತ್ತೇ ನಿಂತಿದ್ದೆ. ಓನೂ ಅಂದೆ. ಆದ್ರ ಇದರಾಗ ಬರೇ ಟೊಮ್ಯಾಟೊ ಕಾಣತೈತಿ. ಒಳಗ ಎಲ್ಲೆರ ಸಿಕ್ಕೊಂಡಿರಬೇಕು. ಬಿಚ್ಚಿ ನೋಡು. ಹಗೂರ್ಕ ಬಿಚ್ಚು.’

ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಎಲ್ಲರೂ. ನಾನು ನಿಜ ಹೇಳಬೇಕಿತ್ತು. ನನ್ನ ದನಿಯಲ್ಲಿ ಹೇಳಲು ನಾಚಿಕೆಯಾಯಿತು. ಅದಕ್ಕೆ ಅವಳ ದನಿಯಲ್ಲೇ ‘ಏನ್ರೀ…’ ಎಂದೆ.

ಕಾಕಾ ನನ್ನ ಬಾಯಿಯನ್ನು ನೋಡಿದ. ದನಿ ಎಲ್ಲಿಂದ ಬಂತು ಎಂದು ಮಕ್ಕಳು ರೇಡಿಯೋ ನೋಡುವ ಹಾಗೆ. ‘ಹಾಂ,’ ಎಂದ. ‘ಒಳ್ಳೇದು. ಹಂಗಾರ ಮಶೀನ್ ಚಲೋ ಐತಿ.’ ಯಂತ್ರವನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಬೈಯಲಿಲ್ಲ. ಮಂಗ್ಯಾ ಅನ್ನಲಿಲ್ಲ. ಚಾಚಾ ಕಪಾಟಿನ ಕಡೆ ಮುಖ ಮಾಡಿ ಹೇಳಿದ: ‘ಬೇಟಾ, ಆ ಅಲ್ಲಾ ನಿನ್ನ ಗಂಟಲಕ್ಕೂ ಒಂದು ಗುಂಡಿ ಇಡಬೇಕಾಗಿತ್ತು. ಬಂದ್ ಮಾಡೋದು.’

ಹತ್ತು ದಿನ ನಾನು ಆ ಬೀದಿಗೆ ಹೋಗಲಿಲ್ಲ. ಹನ್ನೊಂದನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಗಿರಣಿ ಬಂದ್ ಇರುತ್ತದೆ, ಕಾಕಾ ಕಲ್ಲು ಬಿಚ್ಚಿ ಉಳಿ ಹೊಡೆದು ಹಲ್ಲು ಮಾಡುತ್ತಾನೆ. ಒಬ್ಬನೇ ಇರುತ್ತಾನೆ, ಕಾಲು ಹಿಡಿಯಲು ಅದೇ ಸರಿಯಾದ ಹೊತ್ತು ಎಂದು ಹೊರಟೆ. ಮಧ್ಯಾಹ್ನ ನಾಲ್ಕು ಗಂಟೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಕಾಕಾನ ಟಿವಿಯ ಗದ್ದಲದ ನಡುವೆ ಉಳಿಯ ಸಪ್ಪಳ ಟಕ್, ಟಕ್, ಟಕ್ ಎಂದು ಬರುತ್ತಿತ್ತು. ಇನ್ನು ಹತ್ತು ಹೆಜ್ಜೆ ಇದೆ ಎನ್ನುವಾಗ ಕೇಳಿತು.

‘ಏನ್ರೀ…’

ಉಳಿ ನಿಂತಿತು. ನಾನೂ ನಿಂತೆ.

‘ಏನ್ರೀ… ಕೇಳಸ್ತೇನು? ಇಲ್ಲೆ ಬರ್ರಿ ಸ್ವಲ್ಪ.’

ಒಳಗಿನಿಂದ ಕಾಕಾ ಗುಡುಗಿದ: ‘ಹೋಗೋ ಮಂಗ್ಯಾ! ಸಾಕ ಮಾಡು ಇನ್ನ!’ ಮತ್ತೆ ಟಕ್, ಟಕ್.

ಈಗ ನಾನು ಹೇಳುವುದನ್ನು ಚಾಚಾನಿಗೂ ಹೇಳಿಲ್ಲ. ಆ ದನಿ ಕೇಳಿದಾಗ ನನಗೆ ಬಂದದ್ದು ಭಯವಲ್ಲ, ಹೊಟ್ಟೆಕಿಚ್ಚು. ನನ್ನ ಅಂಗಡಿಯ ಎದುರು ಇನ್ನೊಬ್ಬ ಅಂಗಡಿ ಇಟ್ಟಿದ್ದಾನೆ! ರಾಚಪ್ಪನೇ ಇರಬೇಕು, ಕದ್ದು ಕಲಿತಿದ್ದಾನೆ. ನಾನು ಎದುರಿನ ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಪರೀಕ್ಷೆಯ ಪೇಪರು ತಿದ್ದುವವನ ಹಾಗೆ ಕೇಳತೊಡಗಿದೆ. ಶುರು ಚೆನ್ನಾಗಿದೆ. ಕೊಡ ಬಾವಿಗೆ ಇಳಿಯುವುದು ಸರಿ ಬಂತು. ಆದರೆ ಕೊನೆಯಲ್ಲಿ ಎಳೆತ ಜಾಸ್ತಿ, ಬಸಲಿಂಗವ್ವ ಹೀಗೆ ಎಳೆಯುವುದಿಲ್ಲ. ನೂರಕ್ಕೆ ಅರವತ್ತು ಕೊಡಬಹುದು. ದನಿ ಕರೆಯುತ್ತಲೇ ಇತ್ತು. ಬೈಯಿತು, ಏನೇನೋ ಹೇಳಿತು, ಮತ್ತೆ ಕರೆಯಿತು. ಕಾಕಾ ಎರಡು ಸಲ ‘ಮಂಗ್ಯಾ’ ಎಂದ. ನಾನು ಮಾತು ಕೇಳಲಿಲ್ಲ, ಬರೀ ಏರಿಳಿತ ಕೇಳಿದೆ. ಐದು ನಿಮಿಷ ಆಯಿತು, ಎಂಟು, ಒಂಬತ್ತು.

ಆಮೇಲೆ ದನಿ ತಗ್ಗಿತು. ಹೊರಗಿನವರಿಗಲ್ಲದ, ತಾಟಿನ ಪಕ್ಕದಲ್ಲಿ ಕೂತು ಹೇಳುವ ದನಿ. ಒಂದೇ ಒಂದು ಸಾಲು. ಆ ದನಿ ನನ್ನ ಹತ್ತಿರ ಇರಲಿಲ್ಲ. ರಾಚಪ್ಪನ ಹತ್ತಿರ ಇರಲು ಸಾಧ್ಯವಿರಲಿಲ್ಲ. ಊರಲ್ಲಿ ಯಾರೂ ಅದನ್ನು ಎಂದೂ ಕೇಳಿರಲಿಲ್ಲ, ಒಬ್ಬನನ್ನು ಬಿಟ್ಟು. ಅವನು ಗೋಡೆಯ ಆಚೆ ಕಲ್ಲಿಗೆ ಉಳಿ ಹೊಡೆಯುತ್ತಿದ್ದ.

ನಾನು ಓಡಿದೆ. ‘ಕಾಕಾ! ಕಾಕಾ ಬಾ, ಖರೇ ಬಂದಾಳ!’ ಎಂದು ನನ್ನ ದನಿಯಲ್ಲೇ ಕೂಗಿದೆ. ‘ಈಗ ಇದ ಹೊಸಾ ಆಟ ಏನು?’ ಎಂದ ಅವನು ಒಳಗಿನಿಂದ. ಮನೆಯೊಳಗೆ ಟಿವಿಯ ತುಂಬ ಬಸಲಿಂಗವ್ವ ಇದ್ದಳು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಮುಖ ಗಿರಣಿಯ ಕಿಂಡಿಯ ಕಡೆ. ನಾನು ಕೆಂಪು ಗುಂಡಿ ಒತ್ತಿದೆ. ನನ್ನನ್ನು ಅವಳು ನೋಡಿದಳೋ ಇಲ್ಲವೋ ಹೇಳಲಾರೆ.

ಆ ಡಬ್ಬಿಯಲ್ಲಿ ಉಳಿದದ್ದು ನಲವತ್ತು ಸೆಕೆಂಡು. ಅದರಲ್ಲಿ ಮೊದಲ ಅರ್ಧ ಅವಳು ಸುಮ್ಮನೆ ಕಿಂಡಿಯನ್ನು ನೋಡುತ್ತಾಳೆ. ಆಮೇಲೆ ಹೇಳುತ್ತಾಳೆ: ‘ನಲವತ್ತೊಂದ ವರ್ಷ ಬಾಳುವೆ ಮಾಡಿದೆ. ಕಡೀಕೆ ಮಂಗ್ಯಾ ಅನ್ನಿಸಿಕೊಂಡು ಹೊಂಟೆ ನೋಡ್ರಿ.’ ತುಟಿಯ ಒಂದು ಬದಿ ಏಳುತ್ತದೆ, ನಗುವ ಮೊದಲು ಏಳುವ ಹಾಗೆ. ನಗು ಬರುವುದರೊಳಗೆ ಚಾಕುವಿನವನು ಬರುತ್ತಾನೆ.

ಕಾಕಾ ಬಾಗಿಲಲ್ಲಿ ನಿಂತಿದ್ದ. ಉಳಿ ಕೈಯಲ್ಲೇ ಇತ್ತು. ನಾನು ಹಿಂದೆ ತಿರುಗಿಸಿ ಹಾಕಿ ತೋರಿಸಿದೆ. ಮೂರು ಸಲ ನೋಡಿದ. ನಾನು ಕಾಲಿಗೆ ಬಿದ್ದೆ, ಅವನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ, ಎಬ್ಬಿಸಲೂ ಇಲ್ಲ. ಆಮೇಲೆ ಕೇಳಿದ: ‘ನೀ ಎಲ್ಲಿದ್ದಿ?’

‘ಎದರಿಗೆ. ಕಟ್ಟೀ ಮ್ಯಾಲೆ.’

‘ಮೊದಲಿಂದಾನೂ?’

‘ಹೂಂ.’

‘ಹಂಗಾರ ನೀ ಎಲ್ಲಾ ಕೇಳೀದಿ. ಮೊದಲಿಂದ ಹೇಳು. ಆಕಿ ದನೀಲೇ ಹೇಳು.’

ಹೀಗೆ ಗುರುಪಾದಪ್ಪ ಕಾಕಾನ ಮನೆಯ ರೆಕಾರ್ಡರ್ ನಾನಾದೆ. ದಿನಾ ಸಂಜೆ ಅಂಗಡಿ ಮುಚ್ಚಿ ಹೋಗುತ್ತೇನೆ. ಅವನು ಕಂಬಳಿ ಹಾಸುತ್ತಾನೆ. ನಾನು ಟಿವಿಯ ಪಕ್ಕ ಕೂತು ಹತ್ತು ನಿಮಿಷ ಬಸಲಿಂಗವ್ವ ಆಗುತ್ತೇನೆ. ಆಮೇಲೆ ಅವನು ಎದ್ದು ಉಳಿದ ನಲವತ್ತು ಸೆಕೆಂಡು ಹಾಕುತ್ತಾನೆ. ಬೀದಿಯವರೂ ಬಂದು ಕೂಡುತ್ತಾರೆ. ಅವರಿಗೆ ಗೊತ್ತಿಲ್ಲ, ಅವನಿಗೆ ಮೊದಲ ವಾರದಲ್ಲೇ ಗೊತ್ತಾಗಿರಬೇಕು: ನನಗೆ ಆ ಮಾತುಗಳು ನೆನಪಿಲ್ಲ. ಏರಿಳಿತ ಅಷ್ಟೂ ಇದೆ, ಮಾತೊಂದೂ ಇಲ್ಲ. ಗುಂಡಿ ತಪ್ಪು ಒತ್ತಿದ ಯಂತ್ರ ನಾನು. ಅದಕ್ಕೆ ಕಟ್ಟಿ ಹೇಳುತ್ತೇನೆ. ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿರೇನು, ತಂಗಿಯ ಮಗಳಿಗೆ ಸೀರೆ ಕೊಟ್ಟಿರೇನು, ಆ ಚಾಕು ಮಾರುವವನಿಗೆ ನನ್ನ ಬದಲು ನೀವು ಬೈಯುತ್ತೀರೇನು. ಮಂದಿ ನಗುತ್ತಾರೆ. ಕಾಕಾ ಮಾತ್ರ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾನೆ. ಕೆಲವೊಮ್ಮೆ ‘ಆಕಿ ಹಂಗ ಅಂದಿರೂದಿಲ್ಲ’ ಎನ್ನುತ್ತಾನೆ. ‘ಇರ್ಲಿ. ಮುಂದ ಹೇಳು.’

ನೆನಪಿರುವುದು ಒಂದೇ ಸಾಲು, ಆ ತಗ್ಗಿದ ದನಿಯದು. ಅದನ್ನು ನಾನು ಎಂದೂ ಹೇಳಲಿಲ್ಲ. ಒಬ್ಬನೇ ಇದ್ದಾಗ ಗಂಟಲಲ್ಲಿ ಹುಡುಕಿದೆ, ಸಿಗಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಬಾಡಿಗೆ ಕೊಟ್ಟ ಗಂಟಲಲ್ಲಿ ಆ ಒಂದು ದನಿಗೆ ಜಾಗವಿಲ್ಲ.

ಮೊನ್ನೆ ಮತ್ತೆ ಅಮಾವಾಸ್ಯೆ. ಹತ್ತಿಪ್ಪತ್ತು ಜನ ಸೇರಿದ್ದರು, ರಾಚಪ್ಪನೂ ಇದ್ದ. ನಾನು ಆಟ ಮುಗಿಸಿದೆ. ಕಾಕಾ ಯಂತ್ರದ ಕಡೆ ಏಳಲಿಲ್ಲ.

‘ಕಡೀಕೆ ಸಣ್ಣ ದನೀಲೇ ಏನೋ ಅಂದ್ಳಲ್ಲೋ,’ ಎಂದ. ‘ಉಳಿ ಹೊಡಿಯೋ ಮುಂದ ಗುಣುಗುಣು ಅಂದಂಗ ಆಗಿತ್ತು ನನಗ. ಅದನ್ನ ನೀ ಒಂದಿನಾನೂ ಹೇಳಿಲ್ಲ.’

‘ಆ ದನಿ ನನಗ ಬರೂದಿಲ್ಲ ಕಾಕಾ.’

‘ನಿನ್ನ ದನೀಲೇ ಹೇಳು.’

ಹೇಳಿದೆ. ನನ್ನ ಕಿರ್ರೆನ್ನುವ ದನಿಯಲ್ಲಿ, ಏರಿಸದೆ, ಇಳಿಸದೆ. ‘“ಉಳಿ ಹೊಡಿಯಾಕತ್ತೀರಿ. ಚಾಳೀಸ ಹಾಕ್ಕೊಂಡೀರಿಲ್ಲೋ? ಕಲ್ಲ ಸಿಡದು ಕಣ್ಣಿಗೆ ಬಡದೀತು.” ಇಷ್ಟ ಅಂದ್ಳು.’

ಕಾಕಾ ನಿಧಾನ ಅಂಗಿಯ ಜೇಬಿಗೆ ಕೈ ಹಾಕಿದ. ಕನ್ನಡಕ ಅಲ್ಲೇ ಇತ್ತು, ಮಡಚಿದ್ದು ಮಡಚಿದ ಹಾಗೆ. ಅದನ್ನು ತೆಗೆದು, ಗಾಜಿನ ಮೇಲಿನ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ, ದೀಪಕ್ಕೆ ಹಿಡಿದು ನೋಡಿದ.

‘ಹಾಕ್ಕೊಂಡಿರಲಿಲ್ಲೋ, ಮಂಗ್ಯಾ,’ ಎಂದ.

ಹಾಗೆಂದು ನಕ್ಕ. ಮೊದಲು ಭುಜ ಅಲುಗಿತು, ಆಮೇಲೆ ದನಿ ಬಂತು. ರಾಚಪ್ಪ ನಕ್ಕ, ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು, ನಾನೂ ನಗಲು ನೋಡಿದೆ. ಕಾಕಾ ಕನ್ನಡಕ ಹಾಕಿಕೊಂಡು, ಕಣ್ಣಿನ ನೀರು ಗಾಜಿನ ಕೆಳಗಿನಿಂದ ಇಳಿಯುತ್ತಿದ್ದರೂ ಒರೆಸದೆ, ಕಿಂಡಿಯ ಕಡೆ ತಿರುಗಿ ನಗುತ್ತಲೇ ಇದ್ದ. ನಾವೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದ ಮೇಲೂ ಆ ನಗು ಗೋಡೆ ದಾಟಿ, ಖಾಲಿ ಗಿರಣಿಯಲ್ಲಿ ಬಡಿದು, ದುಪ್ಪಟ್ಟಾಗಿ ವಾಪಸು ಬರುತ್ತಿತ್ತು.